ಮನೆ ಡೇಕೇರ್‌ನಲ್ಲಿ ಮಗುವಿಗೆ ಏಟಾದಾಗ ಪುಸ್ತಕದಲ್ಲಿ ಏನು ಬರೆಯಬೇಕು?

ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವವರು ಈಗ ಬೀದಿಗೊಬ್ಬರು ಸಿಗುತ್ತಾರೆ. ಕೆಳಗಿನ ಮನೆಯನ್ನು ಬಾಡಿಗೆಗೆ ಕೊಡುವ ಬದಲು ಡೇಕೇರ್ ಮಾಡಿದವರಿದ್ದಾರೆ. ತಮ್ಮ ಮಗುವಿನ ಜೊತೆ ಪಕ್ಕದ ಮನೆ ಮಗುವನ್ನೂ ನೋಡಿಕೊಳ್ಳುತ್ತಾ ಅದೇ ಕಸುಬಾದವರಿದ್ದಾರೆ. ರಿಟೈರ್ ಆದ ಟೀಚರುಗಳೂ ಇದ್ದಾರೆ. ಊಟ, ನಿದ್ದೆ, ಡೈಪರ್ ಎಲ್ಲಕ್ಕೂ ಇವರ ಹತ್ತಿರ ಚಾರ್ಟ್ ಇರುತ್ತದೆ. ಬಿದ್ದದ್ದಕ್ಕೆ, ಕಚ್ಚಿದ್ದಕ್ಕೆ, ಸುಟ್ಟದ್ದಕ್ಕೆ ಮಾತ್ರ ಏನೂ ಇರುವುದಿಲ್ಲ. ಕೇಳಿದರೆ, "ಸಂಜೆ ಬಂದಾಗ ಬಾಯಲ್ಲೇ ಹೇಳ್ತೀವಲ್ಲ" ಎನ್ನುತ್ತಾರೆ.

ಬಾಯಲ್ಲಿ ಹೇಳಿದ್ದು ಗೇಟಿನ ಹತ್ತಿರವೇ ಮುಗಿದುಹೋಗುತ್ತದೆ. ರಾತ್ರಿ ಹತ್ತು ಗಂಟೆಗೆ ಮಗು ವಾಂತಿ ಮಾಡಿತು ಅಂತಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳುವುದೇ ಇದು: ಎಷ್ಟು ಹೊತ್ತಿಗೆ ಬಿತ್ತು? ಎಷ್ಟು ಎತ್ತರದಿಂದ? ಬಿದ್ದ ತಕ್ಷಣ ಅತ್ತಿತಾ? ಅಪ್ಪ ಅಮ್ಮ ಅಲ್ಲಿರಲಿಲ್ಲ, ಅವರಿಗೆ ಗೊತ್ತಿರುವುದು "ಆಟ ಆಡುವಾಗ ಬಿದ್ದ" ಅಷ್ಟೇ. ಅದಕ್ಕೇ ಏಟುಗಳನ್ನು ಬರೆದಿಡಲು ಒಂದು ಪುಸ್ತಕ ಬೇಕು. ಅದನ್ನು ಬರೆಯುವುದು ಮೊದಲಿಗೆ ಆ ಡಾಕ್ಟರಿಗಾಗಿ. ನಾಳೆ ಯಾರಾದರೂ ತಕರಾರು ತೆಗೆದರೆ ನಿಮ್ಮ ಪರವಾಗಿ ಮಾತಾಡುವುದು ಆಮೇಲಿನ ವಿಷಯ. ಡಾಕ್ಟರಿಗೆ ಉಪಯೋಗವಾಗುವ ಹಾಗೆ ಬರೆದರೆ ಎರಡನೆಯದೂ ತಾನಾಗಿಯೇ ಆಗುತ್ತದೆ. ತನ್ನ ತಪ್ಪಿಲ್ಲ ಅಂತ ತೋರಿಸುವುದಕ್ಕೇ ಬರೆಯಲು ಕೂತರೆ ಎರಡೂ ಕೆಡುತ್ತವೆ.

ಹೀಗೆ ಬರೆದಿಡಬೇಕು ಅಂತ ಕಾನೂನು ಹೇಳುತ್ತದಾ ಎಂದು ಕೆಲವರು ಕೇಳುತ್ತಾರೆ. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂದಿತು. ಅದು ಆ ಸಂಸ್ಥೆಗಳ ಜವಾಬ್ದಾರಿ. ನಮ್ಮ ನಿಮ್ಮ ಹಾಲ್‌ನಲ್ಲಿ ನಡೆಯುವ ಡೇಕೇರ್‌ಗೂ ಅದಕ್ಕೂ ಸಂಬಂಧ ಇಲ್ಲ. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಚೈಲ್ಡ್‌ಮೈಂಡರ್‌ಗಳಿಗೆ ಇದು ಕಡ್ಡಾಯ. ಪ್ರತಿ ಏಟನ್ನೂ, ಕೊಟ್ಟ ಪ್ರಥಮ ಚಿಕಿತ್ಸೆಯನ್ನೂ ಬರೆದಿಡಬೇಕು. ಅದೇ ದಿನ, ಇಲ್ಲವೇ ಆದಷ್ಟು ಬೇಗ ಪೋಷಕರಿಗೆ ತಿಳಿಸಬೇಕು. ಗಂಭೀರ ಅಪಘಾತವಾದರೆ 14 ದಿನದೊಳಗೆ ಅಲ್ಲಿನ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್‌ಗೂ ಹೇಳಬೇಕು. ನಮ್ಮಲ್ಲಿ ಯಾರೂ ಕೇಳಲು ಬರದಿದ್ದರೂ ಮೊದಲೆರಡು ನಿಯಮ ನಾವೇ ಹಾಕಿಕೊಳ್ಳುವಂಥವು.

ಮೊದಲು ಪುಸ್ತಕ

ಆ್ಯಪ್ ಬೇಡ, ಬಿಡಿ ಹಾಳೆ ಬೇಡ. ಸ್ಟೇಷನರಿ ಅಂಗಡಿಯಲ್ಲಿ ಕಾರ್ಬನ್ ಹಾಕಿ ಬರೆಯುವ ಡೂಪ್ಲಿಕೇಟ್ ಬುಕ್ ಸಿಗುತ್ತದೆ, ಬಿಲ್ ಬರೆಯುತ್ತಾರಲ್ಲ, ಆ ಥರದ್ದು. ಸ್ವಲ್ಪ ದೊಡ್ಡ ಅಳತೆಯದು ತನ್ನಿ. ಒಂದು ಘಟನೆಗೆ ಒಂದು ಹಾಳೆ. ಮೇಲಿನ ಹಾಳೆ ಹರಿದು ಪೋಷಕರಿಗೆ, ಕಾರ್ಬನ್ ಪ್ರತಿ ಪುಸ್ತಕದಲ್ಲೇ. ಇದರಿಂದ ಎರಡು ತಲೆನೋವು ಒಟ್ಟಿಗೆ ಹೋಗುತ್ತವೆ. ಒಂದು ಮಗುವಿನ ವಿಷಯ ಇನ್ನೊಂದು ಮಗುವಿನ ಅಪ್ಪ ಅಮ್ಮನ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ತಿದ್ದಿದಿರಿ ಅಂತ ಯಾರೂ ಹೇಳಲಾಗುವುದಿಲ್ಲ, ಯಾಕೆಂದರೆ ಒಂದು ಪ್ರತಿ ಅವರ ಕೈಯಲ್ಲೇ ಇದೆ.

ತಂದ ದಿನವೇ ಪುಟಗಳಿಗೆ ನಂಬರ್ ಹಾಕಿ. ಬಾಲ್ ಪೆನ್ನಲ್ಲೇ ಬರೆಯಿರಿ, ಪೆನ್ಸಿಲ್ ಬೇಡ. ತಪ್ಪು ಬರೆದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆದು ಸಣ್ಣ ಸಹಿ ಹಾಕಿ. ಹೊಡೆದ ಪದ ಓದಲು ಬರುವಂತೆಯೇ ಇರಲಿ. ವೈಟ್ನರ್ ಹಚ್ಚಿದ ಪುಟ ನೋಡಿದರೆ ಒಳ್ಳೆಯವರಿಗೂ ಅನುಮಾನ ಬರುತ್ತದೆ. ಪುಸ್ತಕದ ಜೊತೆ ಒಂದು ಟೇಲರ್ ಟೇಪು, ಗೋಡೆಯ ಮೇಲೆ ಸರಿಯಾದ ಟೈಮ್ ತೋರಿಸುವ ಗಡಿಯಾರ ಇರಲಿ. ರಟ್ಟಿನ ಒಳಬದಿಗೆ ನಂಬರುಗಳು: 108, 112, ಮಕ್ಕಳ ಸಹಾಯವಾಣಿ 1098, ಏನಾದರೂ ವಿಷದ ಪದಾರ್ಥ ನುಂಗಿದರೆ ಕೇಳಲು ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ 1800 116 117, ಹತ್ತಿರದ ಮಕ್ಕಳ ಡಾಕ್ಟರು, ರಾತ್ರಿ ಹಗಲು ತೆರೆದಿರುವ ಆಸ್ಪತ್ರೆ. ಫೋನಿನಲ್ಲಿ ಸೇವ್ ಆಗಿದ್ದರೆ ಸಾಲದು. ಆಯಾ ಒಬ್ಬರೇ ಇದ್ದಾಗ ನಿಮ್ಮ ಫೋನ್ ನಿಮ್ಮ ಜೊತೆಗೇ ಹೋಗಿರುತ್ತದೆ.

ಮಗು ಸೇರುವ ದಿನ

ಈ ಕೆಲಸ ಬಹಳ ಜನ ಬಿಟ್ಟುಬಿಡುತ್ತಾರೆ. ಮಗುವಿನ ಮೈಯ ಒಂದು ಚಿತ್ರ ಬರೆಯಿರಿ, ಮುಂದೆ ಒಂದು, ಹಿಂದೆ ಒಂದು. ಚಿತ್ರ ಅಂದರೆ ಗೆರೆಯ ಗೊಂಬೆ ಸಾಕು. ಅಮ್ಮನ ಎದುರಿಗೇ ಮಗುವಿನ ಮೈಮೇಲಿನ ಗುರುತುಗಳನ್ನು ಅದರಲ್ಲಿ ಹಾಕಿ ಇಬ್ಬರೂ ಸಹಿ ಮಾಡಿ. ನಮ್ಮ ಮಕ್ಕಳಲ್ಲಿ ಸೊಂಟದ ಕೆಳಗೆ, ಕುಂಡೆಯ ಮೇಲೆ ನೀಲಿ ಬೂದು ಬಣ್ಣದ ಮಚ್ಚೆ ಹುಟ್ಟಿನಿಂದಲೇ ಇರುವುದು ತೀರಾ ಮಾಮೂಲು. ನೋವಿಲ್ಲ, ಊತವಿಲ್ಲ, ಬೆಳೆಯುತ್ತಾ ಹೆಚ್ಚಿನವು ಮಾಸಿಹೋಗುತ್ತವೆ. ಆದರೆ ಗೊತ್ತಿಲ್ಲದವರ ಕಣ್ಣಿಗೆ ಅದು ಹೊಡೆದ ಕಂದಿನ ಹಾಗೇ ಕಾಣುತ್ತದೆ. ಹೊಸದಾಗಿ ಬಂದ ಆಯಾ ಡೈಪರ್ ಬದಲಿಸುವಾಗ ನೋಡಿ ಗಾಬರಿಯಾಗುವುದಕ್ಕೂ, ಊರಿನಿಂದ ಬಂದ ಅಜ್ಜಿ ಸ್ನಾನ ಮಾಡಿಸುವಾಗ ನೋಡಿ ನಿಮ್ಮ ಮೇಲೆ ಅನುಮಾನಪಡುವುದಕ್ಕೂ ಮೊದಲು ಅದು ಪುಸ್ತಕದಲ್ಲಿ ಇರಬೇಕು.

ಬೆಳಿಗ್ಗೆ ಬಿಡಲು ಬಂದಾಗಲೂ ಅಷ್ಟೇ. ಕೆನ್ನೆ ತರಚಿದೆ, ಬೆರಳಿಗೆ ಬ್ಯಾಂಡೇಜ್ ಇದೆ ಅಂದರೆ, "ಏನಾಯ್ತು ಪುಟ್ಟಾ, ಎಲ್ಲಿ ಬಿದ್ದೆ?" ಅಂತ ಸಹಜವಾಗಿ ಕೇಳಿ, ಅಪ್ಪ ಹೇಳಿದ್ದನ್ನು ಅಂದಿನ ಹಾಜರಿಯ ಪಕ್ಕದಲ್ಲಿ ಒಂದು ಸಾಲು ಬರೆದುಕೊಳ್ಳಿ. "ಬೆಳಿಗ್ಗೆ 8.50. ಬಲಗೆನ್ನೆ ತರಚಿದೆ. ನಿನ್ನೆ ಪಾರ್ಕಿನಲ್ಲಿ ಜಾರುಬಂಡೆಯಿಂದ ಬಿದ್ದದ್ದು ಎಂದು ತಂದೆ ಹೇಳಿದರು." ತನಿಖೆ ಮಾಡುವ ಧಾಟಿ ಬೇಡ.

ಸೇರುವ ದಿನವೇ ಇನ್ನೊಂದು ಮಾತು ಹೇಳಿಬಿಡಿ: "ನಾವು ಸಣ್ಣ ತರಚಿದರೂ ಬರೆಯುತ್ತೇವೆ, ಸಹಿ ಕೇಳುತ್ತೇವೆ. ಸಹಿ ಅಂದರೆ ನಿಮಗೆ ವಿಷಯ ಗೊತ್ತಾಯಿತು ಅಂತ ಮಾತ್ರ. ಯಾರ ತಪ್ಪೂ ಇಲ್ಲ ಅಂತ ಒಪ್ಪಿದ ಹಾಗಲ್ಲ." ಇದನ್ನು ರಬ್ಬರ್ ಸ್ಟಾಂಪ್ ಮಾಡಿಸಿ ಪ್ರತಿ ಹಾಳೆಯ ಕೆಳಗೆ ಒತ್ತಿದರೆ ಇನ್ನೂ ಒಳ್ಳೆಯದು. ಮೊದಲೇ ಹೇಳದೆ, ಮಗುವಿನ ಹಣೆ ಊದಿರುವ ಸಂಜೆ ಸಹಿ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಏಟಾದ ತಕ್ಷಣ: ಮಗು, ಗಡಿಯಾರ, ಆಮೇಲೆ ಪೆನ್ನು

ಮೊದಲು ಮಗು, ಅದನ್ನು ಹೇಳಬೇಕಾಗಿಲ್ಲ. ಆದರೆ ಮಗುವನ್ನು ಎತ್ತಿಕೊಳ್ಳುತ್ತಲೇ ಗಡಿಯಾರ ನೋಡುವ ಅಭ್ಯಾಸ ಮಾಡಿಕೊಳ್ಳಿ. ಟೈಮ್ ಒಂದನ್ನು ಜೋರಾಗಿ ಹೇಳಿ: "ಮೂರೂ ನಲವತ್ತು." ಪಕ್ಕದಲ್ಲಿದ್ದವರಿಗೂ ನೆನಪಿರುತ್ತದೆ. ಕೈಗೆ ಪೆನ್ನು ಸಿಕ್ಕದಿದ್ದರೆ ಫೋನಿನಲ್ಲಿ ನಿಮಗೆ ನೀವೇ ಒಂದು ವಾಯ್ಸ್ ಮೆಸೇಜ್ ಮಾಡಿಕೊಳ್ಳಿ. ಟೈಮ್ ಅದರಲ್ಲೇ ಬಿದ್ದಿರುತ್ತದೆ.

ಯಾವ ಏಟಿಗೆ ಯಾವ ವಿವರ ಮುಖ್ಯ ಅನ್ನುವುದು ಬೇರೆ ಬೇರೆ. ಇಲ್ಲೇ ಸ್ವಲ್ಪ ನಿಲ್ಲೋಣ.

ತಲೆಗೆ ಏಟಾದರೆ ಎತ್ತರ ಬಹಳ ಮುಖ್ಯ. ದಿವಾನದಿಂದ ಬಿದ್ದದ್ದಕ್ಕೂ ಅಡುಗೆಮನೆ ಕಟ್ಟೆಯಿಂದ ಬಿದ್ದದ್ದಕ್ಕೂ ಡಾಕ್ಟರ ಲೆಕ್ಕದಲ್ಲಿ ಭಾರಿ ವ್ಯತ್ಯಾಸ ಇದೆ. ಎರಡು ವರ್ಷದೊಳಗಿನ ಮಗು ಸುಮಾರು ಮೂರು ಅಡಿಗಿಂತ ಎತ್ತರದಿಂದ ಬಿದ್ದಿದ್ದರೆ ಅವರು ಜಾಸ್ತಿ ಹುಷಾರಾಗುತ್ತಾರೆ. ಕಟ್ಟೆಯ ಎತ್ತರ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ "ಮೇಲಿಂದ ಬಿದ್ದ" ಎಂದು ಬರೆಯಬೇಡಿ. ಎಲ್ಲಿಂದ, ಟೇಪಿನಲ್ಲಿ ಅಳೆದರೆ ಎಷ್ಟು, ಕೆಳಗೆ ಮ್ಯಾಟ್ ಇತ್ತೋ ಗ್ರಾನೈಟೋ ಬರೆಯಿರಿ. ತಕ್ಷಣ ಅತ್ತಿತೋ, ಸ್ವಲ್ಪ ಹೊತ್ತು ಪ್ರಜ್ಞೆ ಇಲ್ಲದ ಹಾಗಿತ್ತೋ, ವಾಂತಿ ಆಯಿತಾ, ಎಷ್ಟು ಸಲ, ಯಾವಾಗ. ಆಮೇಲೆ ಸಂಜೆಯವರೆಗೂ ಅರ್ಧ ಗಂಟೆಗೊಮ್ಮೆ ನೋಡಿ ಒಂದೊಂದು ಸಾಲು: "4.10, ಹಾಲು ಕುಡಿದಳು. 4.40, ಬ್ಲಾಕ್ಸ್ ಜೋಡಿಸುತ್ತಿದ್ದಾಳೆ." ಪದೇ ಪದೇ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಬಂದರೆ ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಸುಟ್ಟರೆ ನೀರಿನ ಟೈಮ್ ಬರೆಯಬೇಕು. ಬಿಸಿ ಸಾರು, ಕಾಫಿ, ಕುಕ್ಕರಿನ ಹಬೆ, ಯಾವುದೇ ಇರಲಿ, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಐಸ್ ಬೇಡ. ಟೂತ್‌ಪೇಸ್ಟ್, ಅರಿಶಿನ, ಇಂಕು, ಕಾಫಿಪುಡಿ ಯಾವುದೂ ಬೇಡ. ನಲ್ಲಿ ತಿರುಗಿಸಿದ ಟೈಮ್, ನಿಲ್ಲಿಸಿದ ಟೈಮ್, ಬೊಬ್ಬೆ ಬಂದಿದೆಯೋ ಇಲ್ಲವೋ, ಸುಟ್ಟ ಜಾಗ ಎಷ್ಟು ದೊಡ್ಡದು. ಅಳತೆಗೆ ಸುಲಭವಾದ ಉಪಾಯ ಮಗುವಿನ ಅಂಗೈಯೇ: "ಮಗುವಿನ ಅಂಗೈಯ ಅರ್ಧದಷ್ಟು." ಡಾಕ್ಟರುಗಳೂ ಅಂಗೈ ಲೆಕ್ಕವನ್ನೇ ಹಿಡಿಯುತ್ತಾರೆ.

ಜ್ವರ ಏರಿ ಫಿಟ್ಸ್ ಬಂದರೆ ಗಡಿಯಾರಕ್ಕಿಂತ ಮುಖ್ಯವಾದ ಸಾಕ್ಷಿ ಇಲ್ಲ. ನೋಡುವವರಿಗೆ ಒಂದು ನಿಮಿಷ ಒಂದು ಗಂಟೆ ಅನಿಸುತ್ತದೆ. ಮಗುವನ್ನು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ ತುರುಕಬೇಡಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಮಾಡುತ್ತಾ ಹೊತ್ತು ಕಳೆಯಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್. ಇನ್ನೊಬ್ಬರು ಇದ್ದರೆ ಅವರು ಅರ್ಧ ನಿಮಿಷ ವಿಡಿಯೋ ಮಾಡಿಕೊಳ್ಳಲಿ. ಎರಡೂ ಕೈ ಅದುರಿತೋ ಒಂದೇ ಕಡೆಯೋ ಎಂಬ ಡಾಕ್ಟರ ಪ್ರಶ್ನೆಗೆ ಅದೇ ಉತ್ತರ.

ನಾಯಿ ಕಚ್ಚಿದರೆ, ಪರಚಿದರೂ ಸರಿ, ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ. ಬರೆಯಬೇಕಾದದ್ದು: ಬೀದಿ ನಾಯಿಯೋ ಸಾಕಿದ್ದೋ, ಯಾರ ಮನೆಯದು, ಮತ್ತೆ ಕಣ್ಣಿಗೆ ಸಿಗುತ್ತದೆಯೋ, ರಕ್ತ ಬಂದಿತ್ತೋ. ರೇಬೀಸ್ (ಹುಚ್ಚುನಾಯಿ ರೋಗ) ತಡೆಯುವ ಚುಚ್ಚುಮದ್ದು ಎಷ್ಟು, ಜೊತೆಗೆ ರೇಬೀಸ್ ಸೀರಂ ಬೇಕೋ ಬೇಡವೋ ಎಂದು ತೀರ್ಮಾನಿಸಲು ಗಾಯ ಯಾವ ಬಗೆಯದು ಅನ್ನುವುದು ಬೇಕು.

ಏನಾದರೂ ನುಂಗಿದ್ದರೆ ಬಾಟಲಿ ಅಥವಾ ಪ್ಯಾಕೆಟ್ಟನ್ನೇ ಆಸ್ಪತ್ರೆಗೆ ಒಯ್ಯಿರಿ. ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಬರೆಯಿರಿ. ಸೀಮೆಎಣ್ಣೆ, ಫಿನೈಲು, ಆ್ಯಸಿಡ್ ಕುಡಿದಿದ್ದರೆ ವಾಂತಿ ಮಾಡಿಸಬಾರದು. ರಿಮೋಟಿನ, ಆಟಿಕೆಯ ಬಟನ್ ಸೆಲ್ ನುಂಗಿರಬಹುದು ಎಂಬ ಅನುಮಾನ ಬಂದರೂ ಕಾಯಬೇಡಿ. ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು.

ಬರೆಯುವುದು ಹೇಗೆ

ಮಗು ಸಮಾಧಾನವಾದ ಮೇಲೆ, ಅಪ್ಪ ಅಮ್ಮ ಬರುವುದಕ್ಕೆ ಮೊದಲು ಬರೆಯಬೇಕು. ರಾತ್ರಿ ಬರೆಯೋಣ ಅಂದುಕೊಂಡರೆ ನೆನಪು ತನಗೆ ಅನುಕೂಲವಾದದ್ದನ್ನು ಸೇರಿಸಿಕೊಂಡಿರುತ್ತದೆ.

ಸಾಮಾನ್ಯವಾಗಿ ಕಾಣುವ ಬರವಣಿಗೆ ಹೀಗಿರುತ್ತದೆ:

"ಅನ್ವಿ ಆಟ ಆಡುವಾಗ ಗಮನ ಇಲ್ಲದೆ ಬಿದ್ದಳು. ಹಣೆಗೆ ಸ್ವಲ್ಪ ಏಟಾಯಿತು. ಐಸ್ ಇಟ್ಟೆವು. ಈಗ ಆರಾಮಾಗಿದ್ದಾಳೆ."

ಇದರಲ್ಲಿ ಡಾಕ್ಟರಿಗೆ ಬೇಕಾದದ್ದು ಏನೂ ಇಲ್ಲ. "ಗಮನ ಇಲ್ಲದೆ" ಅನ್ನುವುದು ಎರಡು ವರ್ಷದ ಮಗುವಿನ ಮೇಲೆ ಹೊರಿಸಿದ ತಪ್ಪು. "ಸ್ವಲ್ಪ" ಅಂದರೆ ಎಷ್ಟು? "ಆರಾಮ" ಅಂದರೆ ಏನು ಮಾಡುತ್ತಿದ್ದಳು? ಅದೇ ಘಟನೆಯನ್ನು ಹೀಗೆ ಬರೆದು ನೋಡಿ:

"12-8-2025, ಮಂಗಳವಾರ, ಮಧ್ಯಾಹ್ನ 3.40. ಅನ್ವಿ, 2 ವರ್ಷ 1 ತಿಂಗಳು. ಹಾಲ್‌ನಿಂದ ಅಡುಗೆಮನೆಗೆ ನಡೆದು ಬರುವಾಗ ಹೊಸ್ತಿಲು ಎಡವಿ ಮುಗ್ಗರಿಸಿದಳು. ಬರಿಗಾಲಲ್ಲಿದ್ದಳು, ನೆಲ ಒಣಗಿತ್ತು. ಹಣೆ ಬಾಗಿಲಿನ ಚೌಕಟ್ಟಿಗೆ ಬಡಿಯಿತು. ಎಡ ಹುಬ್ಬಿನ ಒಂದು ಇಂಚು ಮೇಲೆ ಬುಗುಟು, ಅಗಲ 2 ಸೆಂಟಿಮೀಟರ್. ಚರ್ಮ ಒಡೆದಿಲ್ಲ, ರಕ್ತ ಇಲ್ಲ. ತಕ್ಷಣ ಅತ್ತಳು, ಎತ್ತಿಕೊಂಡ ಮೇಲೆ ಮೂರ್ನಾಲ್ಕು ನಿಮಿಷಕ್ಕೆ ನಿಲ್ಲಿಸಿದಳು. ಬಟ್ಟೆಯಲ್ಲಿ ಸುತ್ತಿದ ಐಸ್ 3.45ರಿಂದ 3.55ರವರೆಗೆ. 3.50ಕ್ಕೆ ತಾಯಿಗೆ ಫೋನ್ ಮಾಡಿದೆ. 4.10ಕ್ಕೆ ಹಾಲು ಕುಡಿದಳು. 5.30ರವರೆಗೆ ವಾಂತಿ ಇಲ್ಲ, ಮಂಪರು ಇಲ್ಲ, ಎಂದಿನಂತೆ ಆಡಿದಳು. ನೋಡಿದವರು: ನಾನು. ಆಯಾ ಆಗ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದರು. ಆಗ ಮನೆಯಲ್ಲಿದ್ದ ಮಕ್ಕಳು: 4."

ಕೊನೆಯ ಎರಡು ಸಾಲು ಗಮನಿಸಿ. ಎಷ್ಟು ಮಕ್ಕಳಿದ್ದರು, ಎಷ್ಟು ದೊಡ್ಡವರಿದ್ದರು, ಯಾರು ಎಲ್ಲಿದ್ದರು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ನನಗೂ ಗೊತ್ತು. ಆದರೂ ಬರೆಯಿರಿ. ಬಿಟ್ಟರೆ ಮುಚ್ಚಿಟ್ಟ ಹಾಗೆ ಕಾಣುತ್ತದೆ, ಬರೆದರೆ ಸಾಮಾನ್ಯ ಮನೆಯ ಸಾಮಾನ್ಯ ಮಧ್ಯಾಹ್ನ ಅಂತ ಓದಿದವರಿಗೆ ಗೊತ್ತಾಗುತ್ತದೆ.

ನಿಯಮ ಒಂದೇ: ಕಂಡದ್ದು, ಕೇಳಿದ್ದು, ಮಾಡಿದ್ದು ಬರೆಯಿರಿ. ಊಹಿಸಿದ್ದನ್ನು ಬೇಡ. ಬೀಳುವುದನ್ನು ಕಣ್ಣಾರೆ ನೋಡದಿದ್ದರೆ, "ಬಿದ್ದದ್ದನ್ನು ನೋಡಲಿಲ್ಲ. ಸದ್ದು ಕೇಳಿ ಬಂದಾಗ ಸೋಫಾದ ಪಕ್ಕ ನೆಲದ ಮೇಲೆ ಕೂತು ಅಳುತ್ತಿದ್ದ" ಎಂದು ಬರೆಯಿರಿ. "ಸೋಫಾದಿಂದ ಬಿದ್ದಿರಬೇಕು" ಅಂತ ಸೇರಿಸುವ ಆಸೆ ತಡೆದುಕೊಳ್ಳಿ. ಮಾತು ಬರುವ ಮಗು ಏನಾದರೂ ಹೇಳಿದರೆ ಅದರದೇ ಮಾತಿನಲ್ಲಿ, ಅದರದೇ ಭಾಷೆಯಲ್ಲಿ: "ಬೀರು ತಾಗಿತು ಅಂದ." ಅದನ್ನು ತಿದ್ದಿ "ಬೀರುವಿನ ಬಾಗಿಲಿಗೆ ಡಿಕ್ಕಿ ಹೊಡೆದ" ಮಾಡಬೇಡಿ.

ಗಾಯದ ಹೆಸರು ಹೇಳುವುದು ಡಾಕ್ಟರ ಕೆಲಸ. "ಮೂಳೆ ಮುರಿದಿಲ್ಲ" ಎಂದು ನಾವು ಬರೆಯಲಾಗದು. "ಕೈ ಎತ್ತುತ್ತಿದ್ದಾನೆ, ಬೆರಳು ಆಡಿಸುತ್ತಿದ್ದಾನೆ, ಮುಟ್ಟಿದರೆ ಅಳುತ್ತಾನೆ" ಎಂದು ಬರೆಯಬಹುದು.

ಆಯಾ ನೋಡಿದ್ದರೆ

ಸಹಾಯಕ್ಕೆ ಇರುವವರಿಗೆ ಬರೆಯಲು ಬರದೇ ಇರಬಹುದು, ಅಥವಾ ಅವರದು ತೆಲುಗೋ ತಮಿಳೋ ಆಗಿರಬಹುದು. ನೋಡಿದವರು ಅವರು ಅಂದ ಮೇಲೆ ಮಾತೂ ಅವರದೇ ಇರಬೇಕು. ಅವರು ಹೇಳಿದ್ದನ್ನು ನೀವು ಬರೆದು, ಗಟ್ಟಿಯಾಗಿ ಓದಿ ಹೇಳಿ, ಸರಿ ಅಂದ ಮೇಲೆ ಸಹಿಯೋ ಹೆಬ್ಬೆಟ್ಟೋ ತೆಗೆದುಕೊಳ್ಳಿ. "ಆಯಾ ಹೇಳಿದ್ದನ್ನು ನಾನು ಬರೆದದ್ದು" ಎಂದು ಕೆಳಗೆ ಸೇರಿಸಿ.

ಇಲ್ಲಿ ಪುಸ್ತಕಕ್ಕಿಂತ ದೊಡ್ಡ ವಿಷಯ ಒಂದಿದೆ. ಏಟಾದ ಹೊತ್ತಿನಲ್ಲಿ ಆಯಾ ಮೇಲೆ ರೇಗಿದರೆ, ಸಂಬಳದಲ್ಲಿ ಹಿಡಿಯುತ್ತೇನೆ ಎಂದರೆ, ಮುಂದಿನ ಸಲ ಅವರು ಹೇಳುವುದೇ ಇಲ್ಲ. ಮಗು ಬಿದ್ದದ್ದು ಸಂಜೆ ಸ್ನಾನದ ಹೊತ್ತಿಗೆ ಅಮ್ಮನಿಗೇ ಗೊತ್ತಾಗುತ್ತದೆ. ಬುದ್ಧಿ ಹೇಳುವುದಿದ್ದರೆ ಮಾರನೇ ದಿನ ಹೇಳಿ. ಅವತ್ತು, "ಹೇಳಿದ್ದು ಒಳ್ಳೇದಾಯ್ತಮ್ಮ" ಅಷ್ಟು ಸಾಕು.

ಅಪ್ಪ ಅಮ್ಮನಿಗೆ ಹೇಳುವುದು

ತಲೆಗೆ ಏಟು, ಮುಖದ ಮೇಲೆ ಗಾಯ, ಸುಟ್ಟದ್ದು, ಕಚ್ಚಿದ್ದು, ನುಂಗಿದ್ದು: ಇಷ್ಟಕ್ಕೆ ತಕ್ಷಣ ಫೋನ್. ಮೊಣಕಾಲು ತರಚಿದ್ದಕ್ಕೆ ಸಂಜೆ ಹೇಳಿದರೆ ಸಾಕು. ಫೋನ್ ಮಾಡಿದಾಗ ಮೊದಲ ಮಾತು ಮಗು ಈಗ ಹೇಗಿದೆ ಅನ್ನುವುದಾಗಿರಲಿ. "ಮೇಡಂ, ಅನ್ವಿ ಈಗ ನನ್ನ ತೊಡೆ ಮೇಲೆ ಕೂತಿದ್ದಾಳೆ, ಅಳು ನಿಲ್ಲಿಸಿದ್ದಾಳೆ. ಹತ್ತು ನಿಮಿಷದ ಹಿಂದೆ ಹೊಸ್ತಿಲು ಎಡವಿ ಹಣೆಗೆ ಏಟಾಯಿತು." "ಮೇಡಂ, ಒಂದು ವಿಷಯ ಹೇಳಬೇಕಿತ್ತು, ಗಾಬರಿ ಆಗಬೇಡಿ" ಅಂತ ಶುರು ಮಾಡಿದರೆ ಆಫೀಸಿನಲ್ಲಿರುವ ಅಮ್ಮನ ಎದೆ ಅಲ್ಲೇ ಒಡೆಯುತ್ತದೆ. ಫೋನ್ ತೆಗೆಯದಿದ್ದರೆ ಮೆಸೇಜ್ ಹಾಕಿ, ಅಪ್ಪನಿಗೆ ಮಾಡಿ. ಮಾಡಿದ ಪ್ರತಿ ಫೋನಿನ ಟೈಮ್ ಪುಸ್ತಕಕ್ಕೆ.

ವಾಟ್ಸಾಪ್ ಗ್ರೂಪಿನಲ್ಲಿ ಗಾಯದ ಫೋಟೋ ಹಾಕಲೇಬೇಡಿ. ಅವರೊಬ್ಬರಿಗೇ ಕಳಿಸಿ, ಅದೂ ಫೋಟೋ ತೆಗೆಯಲು ಸೇರುವ ದಿನವೇ ಲಿಖಿತ ಒಪ್ಪಿಗೆ ಪಡೆದಿದ್ದರೆ. ಡೈಪರ್ ಮುಚ್ಚುವ ಜಾಗದ ಫೋಟೋ ಯಾವ ಕಾರಣಕ್ಕೂ ಬೇಡ, ಚಿತ್ರದ ಮೇಲೆ ಗುರುತು ಹಾಕಿದರೆ ಸಾಕು.

ಸಂಜೆ ಕರೆದೊಯ್ಯಲು ಬರುವುದು ಎಷ್ಟೋ ಮನೆಗಳಲ್ಲಿ ತಾತ ಅಥವಾ ಅಜ್ಜಿ. "ಮಕ್ಕಳು ಬೀಳದೆ ಇರ್ತಾವಾ, ಇದಕ್ಕೆಲ್ಲಾ ಸಹಿ ಯಾಕಮ್ಮಾ" ಅಂತ ಅಜ್ಜಿ ನಗುತ್ತಾರೆ. ಅವರ ಮಾತು ಸರಿಯೇ. ಆದರೂ ಹಾಳೆ ಅವರ ಕೈಗೆ ಕೊಟ್ಟು "ಪಡೆದೆ" ಅಂತ ಸಹಿ ಹಾಕಿಸಿಕೊಂಡು, ಅಪ್ಪ ಅಮ್ಮನಿಗೆ ಬೇರೆಯಾಗಿ ಹೇಳಿ. ಹಾಳೆ ಅಜ್ಜಿಯ ಚೀಲದಲ್ಲೇ ಮೂರು ದಿನ ಕೂರುವುದೂ ಉಂಟು. ತಲೆಗೆ ಏಟಾಗಿದ್ದರೆ ರಾತ್ರಿ ಏನೇನು ನೋಡುತ್ತಿರಬೇಕು ಎಂಬುದನ್ನೂ ಹಾಳೆಯ ಮೇಲೆ ಬರೆದು ಬಾಯಲ್ಲೂ ಹೇಳಿ. ಒಂದೆರಡು ದಿನ ಗಮನ ಇರಲಿ ಎನ್ನಿ.

ಒಂದು ಮಗು ಇನ್ನೊಂದನ್ನು ಕಚ್ಚಿದಾಗ

ಒಂದೂವರೆ ಎರಡು ವರ್ಷದ ಮಕ್ಕಳು ಕಚ್ಚುತ್ತವೆ. ಎರಡು ಹಾಳೆ ಬರೆಯಬೇಕು. ಕಚ್ಚಿಸಿಕೊಂಡ ಮಗುವಿನ ಹಾಳೆಯಲ್ಲಿ "ಇನ್ನೊಂದು ಮಗು ಕಚ್ಚಿತು" ಅಷ್ಟೇ, ಹೆಸರು ಬೇಡ. ಚರ್ಮ ಒಡೆದಿದೆಯೋ, ಹಲ್ಲಿನ ಗುರುತು ಮಾತ್ರವೋ ಬರೆಯಿರಿ. ಒಡೆದಿದ್ದರೆ ತೊಳೆದು ಡಾಕ್ಟರಿಗೆ ತೋರಿಸಬೇಕು. ಕಚ್ಚಿದ ಮಗುವಿನ ಹಾಳೆಯಲ್ಲಿ ಅದಕ್ಕೆ ಸ್ವಲ್ಪ ಮೊದಲು ಏನು ನಡೆಯುತ್ತಿತ್ತು ಬರೆಯಿರಿ: ಆಟಿಕೆ ಕಿತ್ತುಕೊಂಡರಾ, ನಿದ್ದೆ ಹೊತ್ತಾ, ಹಲ್ಲು ಬರುತ್ತಿದೆಯಾ. "ಯಾರು ಕಚ್ಚಿದ್ದು ಹೇಳಿ" ಎಂದು ಅಪ್ಪ ಪಟ್ಟು ಹಿಡಿಯುತ್ತಾರೆ. "ನಿಮ್ಮ ಮಗು ಕಚ್ಚಿದ್ದರೂ ನಾನು ಹೆಸರು ಹೇಳುತ್ತಿರಲಿಲ್ಲ ಸರ್" ಎಂದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಮಗು ಮನೆಗೆ ಹೋಗಿ ತಾನೇ ಹೆಸರು ಹೇಳುತ್ತದೆ, ಅದು ಬೇರೆ ಮಾತು.

ಔಷಧಿಗೆ ಬೇರೆ ಪುಟ

"ಜ್ವರ ಬಂದರೆ ಐದು ಎಂಎಲ್ ಕೊಡಿ" ಅಂತ ಬ್ಯಾಗಿನಲ್ಲಿ ಬಾಟಲಿ ಇಟ್ಟು ಹೋಗುತ್ತಾರೆ. ಪ್ಯಾರಸಿಟಮಾಲ್ ಹನಿಯ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಐದು ಎಂಎಲ್‌ಗೆ 125 ಇರಬಹುದು, 250 ಇರಬಹುದು. 125ರ ಸಿರಪ್ ಅಂದುಕೊಂಡು ಅಷ್ಟೇ ಎಂಎಲ್ ಹನಿ ಹಾಕಿದರೆ ನಾಲ್ಕು ಪಟ್ಟು ಹೋಯಿತು! ಹಾಗಾಗಿ ಬಾಟಲಿಯ ಮೇಲಿರುವ ಹೆಸರು ಮತ್ತು ಮಿಲಿಗ್ರಾಂ, ಮಗುವಿನ ತೂಕ, ಡಾಕ್ಟರು ಹೇಳಿದ ಅಳತೆ, ಮನೆಯಲ್ಲಿ ಕೊನೆಯ ಸಲ ಕೊಟ್ಟ ಟೈಮ್, ನೀವು ಕೊಟ್ಟ ಟೈಮ್ ಬರೆಯಿರಿ. ಅಮ್ಮನ ಸಹಿ ಬೆಳಿಗ್ಗೆಯೇ ಆಗಲಿ. ಬೆಳಿಗ್ಗೆ ಏಳಕ್ಕೆ ಮನೆಯಲ್ಲಿ ಕೊಟ್ಟದ್ದು ಗೊತ್ತಿಲ್ಲದೆ ಒಂಬತ್ತಕ್ಕೆ ನೀವು ಮತ್ತೆ ಕೊಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಎರಡು ಡೋಸಿನ ನಡುವೆ ಕಡಿಮೆ ಎಂದರೂ ನಾಲ್ಕು ಗಂಟೆ ಇರಬೇಕು. ತಪ್ಪಿ ಜಾಸ್ತಿ ಕೊಟ್ಟಿದ್ದರೆ ಅದೂ ಒಂದು ಅಪಘಾತವೇ. ಬರೆದು, ಆಗಲೇ ಫೋನ್ ಮಾಡಿ.

ಏಟಾಗದೆ ತಪ್ಪಿದ್ದು

ನನ್ನ ಮಟ್ಟಿಗೆ ಪುಸ್ತಕದಲ್ಲಿ ಹೆಚ್ಚು ಬೆಲೆಬಾಳುವ ಪುಟಗಳು ಇವು. ಟ್ಯಾಂಕರ್ ನೀರು ಬಿಟ್ಟವರು ಸಂಪಿನ ಮುಚ್ಚಳ ಪೂರ್ತಿ ಮುಚ್ಚದೆ ಹೋಗಿದ್ದರು. ಕೊರಿಯರ್‌ನವರು ಹೋದ ಮೇಲೆ ಗೇಟಿನ ಚಿಲಕ ಹಾಕಿರಲಿಲ್ಲ, ಮಗು ಗೇಟಿನವರೆಗೆ ಹೋಗಿತ್ತು. ಬಚ್ಚಲಲ್ಲಿ ಬಕೆಟ್ ತುಂಬಿಸಿ ಇಟ್ಟಿತ್ತು. ಚಾಪೆಯ ಮೇಲೆ ಆಯಾ ಸೀರೆಯ ಸೇಫ್ಟಿ ಪಿನ್ ಸಿಕ್ಕಿತು. ಊಟದ ಡಬ್ಬಿಯಲ್ಲಿ ಇಡೀ ದ್ರಾಕ್ಷಿ, ಕಡಲೆಬೀಜ ಬಂದಿತ್ತು. ಯಾರಿಗೂ ಏನೂ ಆಗಲಿಲ್ಲ, ಹಾಗಾಗಿ ಯಾರೂ ಬರೆಯುವುದಿಲ್ಲ.

ಇದಕ್ಕೆ ಕಾರ್ಬನ್ ಬೇಡ, ಪೋಷಕರ ಸಹಿ ಬೇಡ. ಪುಸ್ತಕದ ಹಿಂಭಾಗದಿಂದ ಶುರು ಮಾಡಿ, ಒಂದೊಂದಕ್ಕೆ ಎರಡು ಸಾಲು: ಏನು ಕಂಡಿತು, ಏನು ಮಾಡಿದೆವು. "ಸಂಪಿನ ಮುಚ್ಚಳಕ್ಕೆ ಬೀಗ ಹಾಕಿಸಿದೆ, ಕೀಲಿ ನನ್ನ ಹತ್ತಿರ." ಎರಡನೇ ಸಾಲು ಖಾಲಿ ಇರುವ ಪುಟ ನೋಡಿದರೆ ನಿಮಗೇ ಕಿರಿಕಿರಿ ಆಗಬೇಕು.

ಏಟಲ್ಲದ ಘಟನೆಗಳು

ಕರೆದೊಯ್ಯಲು ಹೆಸರು ಕೊಡದ ಯಾರೋ ಬಂದರು. ಬಂದವರು ಕುಡಿದಿದ್ದರು. ಮುಚ್ಚುವ ಹೊತ್ತು ಮೀರಿ ಎರಡು ಗಂಟೆಯಾದರೂ ಯಾರೂ ಬರಲಿಲ್ಲ, ಫೋನೂ ಹೋಗಲಿಲ್ಲ. ಗ್ಯಾಸ್ ಲೀಕಾಯಿತು. ಇವೂ ಅದೇ ಪುಸ್ತಕದಲ್ಲಿ, ಅದೇ ರೀತಿ, ಟೈಮ್ ಸಮೇತ.

ಇನ್ನೊಂದು ಕಷ್ಟದ ವಿಷಯ. ಮಗುವಿನ ಮೈಮೇಲೆ ಮತ್ತೆ ಮತ್ತೆ ವಿವರಣೆ ಹೊಂದದ ಗುರುತು ಕಾಣುತ್ತಿದ್ದರೆ, ಅಥವಾ ಮಗು ಯಾರೋ ಮುಟ್ಟಿದ ಬಗ್ಗೆ ಹೇಳಿದರೆ, ಅದನ್ನು ಈ ಪುಸ್ತಕದಲ್ಲಿ ಬರೆದು ಹಾಳೆ ಹರಿದು ಮನೆಗೆ ಕಳಿಸುವಂತಿಲ್ಲ. ಬೇರೆ ಹಾಳೆ, ಬೀಗ ಹಾಕಿದ ಕಡೆ. ಮಗುವಿನ ಮಾತು ಹೇಗೆ ಬಂತೋ ಹಾಗೇ ಬರೆಯಿರಿ. "ಮಾವನಾ ಮಾಡಿದ್ದು?" ಎಂಬಂಥ ಪ್ರಶ್ನೆ ಕೇಳಬೇಡಿ, ಉತ್ತರ ಬಾಯಿಗೆ ಇಟ್ಟ ಹಾಗಾಗುತ್ತದೆ. ಪದೇ ಪದೇ ಕೇಳಲೂಬೇಡಿ. ಇಲ್ಲಿ ಕಾನೂನು ಸ್ಪಷ್ಟವಾಗಿದೆ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದೆ ಎಂದು ಗೊತ್ತಾದವರು, ಆಗಬಹುದು ಎಂಬ ಆತಂಕ ಇರುವವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಕೆಳಗೆ ಆರು ತಿಂಗಳವರೆಗೆ ಜೈಲು, ದಂಡ, ಅಥವಾ ಎರಡೂ ಆಗಬಹುದು. ಯಾರ ಮನೆ ಮರ್ಯಾದೆಯ ಪ್ರಶ್ನೆಯೂ ಇದಕ್ಕಿಂತ ದೊಡ್ಡದಲ್ಲ. ಏನು ಮಾಡಬೇಕು ತೋಚದಿದ್ದರೆ 1098ಕ್ಕೆ ಫೋನ್ ಮಾಡಿ.

ತಿಂಗಳಿಗೊಮ್ಮೆ ತಿರುವಿ ಹಾಕಿ

ತಿಂಗಳ ಕೊನೆಗೆ ಕಾಫಿ ಕುಡಿಯುತ್ತಾ ಪುಸ್ತಕ ಮೊದಲಿಂದ ಓದಿ. ಜಾಗ, ಟೈಮ್, ಮಗು, ಮೂರನ್ನೇ ನೋಡಿ. ಅದೇ ಹೊಸ್ತಿಲಲ್ಲಿ ಮೂರು ಸಲ ಎಡವಿದ್ದರೆ ಹೊಸ್ತಿಲಿಗೆ ಕೆಂಪೋ ಹಳದಿಯೋ ಬಣ್ಣದ ಪಟ್ಟಿ ಬೇಕು, ಇಲ್ಲ ಆ ಬಾಗಿಲಿಗೆ ಗೇಟು ಬೇಕು. ಎಲ್ಲಾ ಏಟುಗಳೂ ಮೂರೂವರೆಯಿಂದ ನಾಲ್ಕೂವರೆಯೊಳಗೆ ಆಗುತ್ತಿದ್ದರೆ ಕಾರಣ ಮಕ್ಕಳಲ್ಲ. ಅದು ಮಕ್ಕಳು ನಿದ್ದೆಯಿಂದ ಏಳುವ ಹೊತ್ತು, ನೀವು ಹಾಲು ಕಾಯಿಸುವ ಹೊತ್ತು, ಆಯಾ ಬಟ್ಟೆ ಎತ್ತುವ ಹೊತ್ತು. ಬಟ್ಟೆ ಐದಕ್ಕೆ ಎತ್ತಿದರೂ ಆಗುತ್ತದೆ ಅಲ್ವಾ? ಒಂದೇ ಮಗು ಮತ್ತೆ ಮತ್ತೆ ಬೀಳುತ್ತಿದ್ದರೆ ಅಮ್ಮನಿಗೆ ತೋರಿಸಿ. ಕಣ್ಣು, ಕಿವಿ, ಅಥವಾ ಒಂದು ಸೈಜ್ ದೊಡ್ಡ ಚಪ್ಪಲಿ, ಯಾವುದಾದರೂ ಇರಬಹುದು. ಮಳೆಗಾಲದಲ್ಲಿ ಬಾಗಿಲ ಬಳಿ ಹಾಸಿದ ಕಾಲೊರೆಸುವ ಬಟ್ಟೆಯೇ ಜಾರುತ್ತಿರುತ್ತದೆ. ಹಿಂಬದಿಗೆ ರಬ್ಬರ್ ಇರುವುದನ್ನು ತನ್ನಿ.

ಕ್ಯಾಮೆರಾ ಇರುವವರು ಒಂದು ನೆನಪಿಡಿ. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಬಂದು ಅಳಿಸಿಹೋಗುತ್ತದೆ. ಗಂಭೀರವಾದ ಏಟಾಗಿದ್ದರೆ ಅವತ್ತೇ ಆ ತುಣುಕು ಬೇರೆ ಕಡೆ ಉಳಿಸಿ, ಪುಟದಲ್ಲಿ ಹಾಗಂತ ಬರೆಯಿರಿ.

ಎಷ್ಟು ವರ್ಷ ಇಟ್ಟುಕೊಳ್ಳಬೇಕು

ಸಣ್ಣಪುಟ್ಟ ತರಚು ಗಾಯದ ಪುಸ್ತಕಗಳನ್ನು ಮಗು ಬಿಟ್ಟು ಹೋದ ಮೇಲೆ ಮೂರು ವರ್ಷ ಇಡಿ ಅನ್ನುವುದು ನನ್ನ ಲೆಕ್ಕ. ಆಸ್ಪತ್ರೆಗೆ ಹೋದ ಘಟನೆ, ಹೊಲಿಗೆ ಬಿದ್ದದ್ದು, ಮೂಳೆ ಮುರಿದದ್ದು ಇದ್ದರೆ ಅದನ್ನು ಜಾಸ್ತಿ ಕಾಲ ಇಡಬೇಕು. 1963ರ ಲಿಮಿಟೇಷನ್ ಕಾಯ್ದೆಯಲ್ಲಿ ಅಪ್ರಾಪ್ತರಿಗೆ 18 ತುಂಬಿದ ಮೇಲೂ ದಾವೆ ಹೂಡಲು ಹೆಚ್ಚೆಂದರೆ ಮೂರು ವರ್ಷ ಕಾಲಾವಕಾಶ ಇದೆ. ಅಂದರೆ ಮಗುವಿಗೆ 21 ಆಗುವವರೆಗೆ. ಕಾರ್ಬನ್ ಪ್ರತಿ ಅಷ್ಟು ವರ್ಷದಲ್ಲಿ ಮಸುಕಾಗಬಹುದು, ಅಂಥ ಪುಟಗಳನ್ನು ಜೆರಾಕ್ಸ್ ಮಾಡಿಸಿ ಜೊತೆಗಿಡಿ. ಅವಧಿ ಮುಗಿದ ಪುಸ್ತಕಗಳನ್ನು ರದ್ದಿಯವರಿಗೆ ಹಾಕಬೇಡಿ, ಹರಿದು ಒಲೆಗೆ ಹಾಕಿ. ಅನ್ವಿಯ ಹಣೆಯ ಬುಗುಟಿನ ವಿವರದಲ್ಲಿ ಯಾರೋ ಕಡಲೆಪುರಿ ಕಟ್ಟಿ ಕೊಡುವುದು ಬೇಡ.